ಬ್ಯಾಂಕಿನ ಮೌಲ್ಯಮಾಪನ ವರದಿ ಮತ್ತು ಮನೆಯ ದುರಸ್ತಿ: ಕ್ರಯಪತ್ರಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

ಕ್ರಯದ ಕರಾರು ಮುಗಿದಿದೆ. ಮುಂಗಡ ಹಣ ಸಂದಾಯವಾಗಿದೆ. ನೋಂದಣಿಗೆ ಒಳ್ಳೆಯ ದಿನವನ್ನೂ ಗೊತ್ತುಮಾಡಲಾಗಿದೆ. ಅಷ್ಟರಲ್ಲಿ ಬ್ಯಾಂಕಿನಿಂದ ಸೂಚನೆ ಬರುತ್ತದೆ: ತಾಂತ್ರಿಕ ವರದಿಯಲ್ಲಿ ಕೆಲವು ಆಕ್ಷೇಪಣೆಗಳಿವೆ, ತಾರಸಿಯಲ್ಲಿ ಸೋರಿಕೆ ಇದೆ, ಒಂದು ತೊಲೆಯಲ್ಲಿ ಕಂಬಿ ಹೊರಬಿದ್ದಿದೆ, ಮಹಡಿಯ ಮೇಲಿನ ಶೀಟಿನ ಕೊಠಡಿ ಮಂಜೂರಾದ ನಕ್ಷೆಯಲ್ಲಿಲ್ಲ, ಆದುದರಿಂದ ಮನೆಯ ಮೌಲ್ಯವನ್ನು ಕಡಿಮೆ ಮಾಡಲಾಗಿದೆ. ಕೊಳ್ಳುವವರು ಮಾರುವವರತ್ತ ನೋಡುತ್ತಾರೆ. ಮಾರುವವರು ‘ಇದ್ದ ಸ್ಥಿತಿಯಲ್ಲಿ ನೋಡಿಯೇ ಒಪ್ಪಿದ್ದೀರಿ’ ಎನ್ನುತ್ತಾರೆ. ಕರಾರಿನ ಅವಧಿ ಮಾತ್ರ ಯಾರಿಗೂ ಕಾಯದೆ ಓಡುತ್ತಿರುತ್ತದೆ.

ಯಶವಂತಪುರ, ಆರ್.ಟಿ.ನಗರ, ಹೆಬ್ಬಾಳ, ಯಲಹಂಕ ಭಾಗಗಳಲ್ಲಿ ಹಳೆಯ ಮನೆ ಕೊಳ್ಳಲು ಹೊರಡುವ ವ್ಯಾಪಾರಿಗಳಿಗೂ ಸಣ್ಣ ಉದ್ದಿಮೆದಾರರಿಗೂ ಎದುರಾಗುವ ಪ್ರಸಂಗವಿದು. ಸಂಬಳದಾರನಿಗಿಂತ ವ್ಯಾಪಾರಿಗೆ ಇದರ ಪೆಟ್ಟು ಹೆಚ್ಚು. ಬ್ಯಾಂಕ್ ಸಾಲ ಕಡಿಮೆಯಾದಷ್ಟೂ ಆತ ಕೈಹಾಕುವುದು ಅಂಗಡಿಯ ಅಥವಾ ಕಾರ್ಖಾನೆಯ ದುಡಿಯುವ ಬಂಡವಾಳಕ್ಕೆ. ಹಬ್ಬದ ದಾಸ್ತಾನಿಗೆ ಇಟ್ಟಿದ್ದ ಹಣ ಮನೆಯ ಗೋಡೆಗೆ ಹೋದರೆ ಒಂದು ಋತುವಿನ ವ್ಯಾಪಾರವೇ ಕೈತಪ್ಪುತ್ತದೆ. ಆದ್ದರಿಂದ ಈ ದುರಸ್ತಿಯ ಪ್ರಶ್ನೆಯನ್ನು ಮೇಸ್ತ್ರಿಯ ಪ್ರಶ್ನೆಯೆಂದಷ್ಟೇ ಭಾವಿಸದೆ ಹಣಕಾಸಿನ, ಕಾನೂನಿನ ಮತ್ತು ತೆರಿಗೆಯ ಪ್ರಶ್ನೆಯೆಂದು ಪರಿಗಣಿಸುವುದು ಅಗತ್ಯ.

ಉತ್ತರ ಬೆಂಗಳೂರಿನ ವಿಶೇಷ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆಯ ಉದ್ದಕ್ಕೂ ನಿವೇಶನಗಳ ಬೆಲೆ ಏರಿತು. ನೆಲದ ಬೆಲೆ ಏರಿದಂತೆ ಅದರ ಮೇಲಿನ ಕಟ್ಟಡದ ಸ್ಥಿತಿಯನ್ನು ವಿಚಾರಿಸುವ ಅಭ್ಯಾಸ ಕಡಿಮೆಯಾಯಿತು. ಕರ್ನಾಟಕ ಗೃಹ ಮಂಡಳಿಯು ಯಲಹಂಕ ಉಪನಗರದಲ್ಲಿ ನಿರ್ಮಿಸಿದ ಮನೆಗಳಲ್ಲಿ ಅನೇಕವು ಈಗ ಹಲವು ದಶಕಗಳ ಹಳೆಯವು; ಮೂಲ ಮನೆಗೆ ನಂತರ ಸೇರಿಸಿದ ಕೊಠಡಿ, ಮಹಡಿಗಳಿಗೆ ನಕ್ಷೆ ಇರಬಹುದು, ಇಲ್ಲದಿರಲೂಬಹುದು. ಹಳೆಯ ಬಡಾವಣೆಗಳ ಮನೆಗಳಲ್ಲಿ ಅಂದಿನ ವೈರಿಂಗ್, ಅಂದಿನ ಕಬ್ಬಿಣದ ಕೊಳವೆಗಳೇ ಉಳಿದಿರುವುದುಂಟು.

ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ ನಗರಸಭೆಗಳು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾದವು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಹೀಗಾಗಿ ಒಂದೇ ಮನೆಯ ದಾಖಲೆಗಳು ಗ್ರಾಮ ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆ ಎಂದು ಮೂರು ಕಚೇರಿಗಳ ಮುದ್ರೆ ಹೊತ್ತಿರುವುದುಂಟು. ಕಟ್ಟಡದ ಬಿರುಕಿನ ಜೊತೆಗೆ ಕಾಗದದ ಬಿರುಕನ್ನೂ ನೋಡಬೇಕಾಗುತ್ತದೆ.

ವರದಿಯಲ್ಲಿ ಬರುವ ಆಕ್ಷೇಪಣೆಗಳು ಮೂರು ಬಗೆ

ಬ್ಯಾಂಕ್ ತನ್ನ ಪಟ್ಟಿಯಲ್ಲಿರುವ ಮೌಲ್ಯಮಾಪಕ ಎಂಜಿನಿಯರ್‌ನನ್ನು ಕಳುಹಿಸುವುದು ತನ್ನ ಭದ್ರತೆಗಾಗಿಯೇ ಹೊರತು ಕೊಳ್ಳುವವನ ಹಿತಕ್ಕಾಗಿ ಅಲ್ಲ. ನಿವೇಶನದ ಅಳತೆ, ನಕ್ಷೆಗೂ ಕಟ್ಟಡಕ್ಕೂ ಇರುವ ವ್ಯತ್ಯಾಸ, ಕಟ್ಟಡದ ವಯಸ್ಸು, ಇನ್ನು ಬಾಳಬಹುದಾದ ಅವಧಿ, ಮಾರುಕಟ್ಟೆ ಮೌಲ್ಯ ಇವು ಅವರ ವರದಿಯ ಮುಖ್ಯ ಭಾಗಗಳು. ಉಳಿದ ಬಾಳಿಕೆ ಕಡಿಮೆಯೆಂದು ಬರೆದರೆ ಸಾಲದ ಅವಧಿಯೂ ಮೊಟಕಾಗಬಹುದು. ಆಕ್ಷೇಪಣೆಗಳನ್ನು ಹೀಗೆ ವಿಂಗಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಮೇಸ್ತ್ರಿಯಿಂದ ಸರಿಯಾಗುವ ದೋಷಗಳು. ತಾರಸಿಯ ಸೋರಿಕೆ, ಗೋಡೆಯ ತೇವ, ಸಜ್ಜಾ ಒಡೆದಿರುವುದು, ಕಂಬಿಗೆ ತುಕ್ಕು ಹಿಡಿದು ಗಿಲಾವು ಉದುರಿರುವುದು, ಹಳೆಯ ವೈರಿಂಗ್, ಸಂಪಿನ ಬಿರುಕು ಇವು ಈ ಗುಂಪಿಗೆ ಸೇರುತ್ತವೆ. ಬಿರುಕು ಗಿಲಾವಿನದೋ ತೊಲೆ ಕಂಬಗಳದೋ ಎಂಬುದನ್ನು ಕಟ್ಟಡ ವಿನ್ಯಾಸದ ಎಂಜಿನಿಯರ್ ಹೇಳಬೇಕು, ಬಣ್ಣ ಬಳಿಯುವವರಲ್ಲ.

ಎರಡನೆಯದು, ಕಾಗದದಿಂದ ಸರಿಯಾಗುವ ದೋಷಗಳು. ಇ-ಖಾತಾ ಆಗದಿರುವುದು, ಆಸ್ತಿ ತೆರಿಗೆ ಬಾಕಿ, ಖಾತೆಯಲ್ಲಿನ ಅಳತೆಗೂ ಕ್ರಯಪತ್ರದ ಅಳತೆಗೂ ವ್ಯತ್ಯಾಸ ಇತ್ಯಾದಿ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ನಡೆಯುವುದಿಲ್ಲವಾದ್ದರಿಂದ ಇದನ್ನು ಕೊನೆಯ ವಾರಕ್ಕೆ ಬಿಡುವಂತಿಲ್ಲ. ಮಳೆನೀರು ಸಂಗ್ರಹಣೆಯೂ ಈ ಸಂದರ್ಭದಲ್ಲಿ ನೆನಪಿಡಬೇಕಾದ ವಿಷಯ. 2009ರ ತಿದ್ದುಪಡಿಯಂತೆ 2,400 ಚದರಡಿ ಮತ್ತು ಅದಕ್ಕೂ ಹೆಚ್ಚಿನ ನಿವೇಶನದ ಹಳೆಯ ಕಟ್ಟಡಗಳಿಗೂ ಇದು ಕಡ್ಡಾಯ. ಇಲ್ಲದಿದ್ದರೆ ನೀರಿನ ಬಿಲ್ಲಿನಲ್ಲಿ ದಂಡ ಸೇರುತ್ತದೆ.

ಮೂರನೆಯದು, ಯಾವ ದುರಸ್ತಿಗೂ ಬಗ್ಗದ ದೋಷಗಳು. ಸೆಟ್‌ಬ್ಯಾಕ್ ನುಂಗಿ ಕಟ್ಟಿದ ಗೋಡೆ, ರಾಜಕಾಲುವೆಯ ಅಂಚಿನ ನಿವೇಶನ, ತಗ್ಗು ಪ್ರದೇಶ ಇವುಗಳ ಉದಾಹರಣೆ. ‘ಅಕ್ರಮ ಸಕ್ರಮದಲ್ಲಿ ಸರಿಯಾಗುತ್ತದೆ’ ಎಂಬ ಭರವಸೆಯ ಮೇಲೆ ಹಣ ಹೂಡುವವರು ಇಂದಿಗೂ ಇದ್ದಾರೆ. ಆ ಯೋಜನೆಯನ್ನು ರಾಜ್ಯ ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿದರೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತೆಂಬುದನ್ನು ಮರೆಯಬಾರದು. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರ್ ಮಳೆಯಲ್ಲಿ ಜಲಾವೃತವಾಗಿ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಸ್ಥಿತಿ ಮರುಕಳಿಸಿತು. ಕೆರೆಯ ನೀರು ಹರಿಯುವ ದಾರಿಯಲ್ಲಿರುವ ಕಟ್ಟಡಕ್ಕೆ ವಾಟರ್‌ಪ್ರೂಫಿಂಗ್ ಪರಿಹಾರವಾಗದು. ಇಂತಹ ಆಕ್ಷೇಪಣೆ ಬಂದಾಗ ಮಾಡಬೇಕಾದುದು ದುರಸ್ತಿಯ ಚೌಕಾಸಿಯಲ್ಲ, ವ್ಯವಹಾರದ ಮರುಚಿಂತನೆ.

ಸ್ವಾಧೀನಾನುಭವ ಪತ್ರದ ವಿಷಯದಲ್ಲಿಯೂ ಬಿಗಿ ಹೆಚ್ಚಿದೆ. ಕಟ್ಟಡವನ್ನು ಭದ್ರತೆಯಾಗಿ ಪಡೆದು ಸಾಲ ನೀಡುವ ಮೊದಲು ಪೂರ್ಣತಾ ಅಥವಾ ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಬೇಕೆಂದು 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಬ್ಯಾಂಕುಗಳಿಗೆ ನಿರ್ದೇಶನ ನೀಡಿದೆ. ಹಳೆಯ ಮನೆಗೆ ಈ ಪತ್ರ ಇದೆಯೇ, ಇಲ್ಲದಿದ್ದರೆ ಬ್ಯಾಂಕ್ ಯಾವ ದಾಖಲೆಯನ್ನು ಒಪ್ಪುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿಯುವುದು ಲೇಸು.

ಲೆಕ್ಕ ಏನು ಹೇಳುತ್ತದೆ?

ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲದ ಮೊತ್ತ ರೂ. 30 ಲಕ್ಷದವರೆಗೆ ಇದ್ದರೆ ಮನೆಯ ಮೌಲ್ಯದ ಗರಿಷ್ಠ ಶೇ. 90, ರೂ. 30 ಲಕ್ಷದಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲ್ಪಟ್ಟು ಶೇ. 75 ಮಾತ್ರ ಸಾಲ ನೀಡಬಹುದು. ಸಾಮಾನ್ಯವಾಗಿ ಬ್ಯಾಂಕುಗಳು ಕರಾರಿನ ಬೆಲೆ ಮತ್ತು ಮೌಲ್ಯಮಾಪಕರ ಬೆಲೆ ಇವೆರಡರಲ್ಲಿ ಕಡಿಮೆಯಾದುದನ್ನು ಆಧಾರವಾಗಿ ತೆಗೆದುಕೊಳ್ಳುತ್ತವೆ.

ಉದಾಹರಣೆಗೆ, ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಒಬ್ಬ ವ್ಯಾಪಾರಿ ಹೆಬ್ಬಾಳದ ಬಳಿ ರೂ. 90 ಲಕ್ಷಕ್ಕೆ ಹಳೆಯ ಮನೆಯ ಕರಾರು ಮಾಡಿಕೊಂಡಿದ್ದಾನೆಂದು ಭಾವಿಸೋಣ. ಮಾರ್ಗಸೂಚಿ ಮೌಲ್ಯ ಕರಾರಿನ ಬೆಲೆಗಿಂತ ಹೆಚ್ಚಿಲ್ಲ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಶೇ. 7.6 ಆಗುತ್ತದೆ, ಅಂದರೆ ರೂ. 6.84 ಲಕ್ಷ. ಈ ವೆಚ್ಚವನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಪಡೆಯುವಂತಿಲ್ಲ. ಮೌಲ್ಯಮಾಪಕರು ದುರಸ್ತಿಯ ಕಾರಣ ನೀಡಿ ಮನೆಯನ್ನು ರೂ. 80 ಲಕ್ಷಕ್ಕೆ ನಿಗದಿಪಡಿಸಿದ್ದಾರೆ. ದುರಸ್ತಿಯ ನಿಜವಾದ ಖರ್ಚು ರೂ. 4 ಲಕ್ಷ.

ಒಂದು: ಏನನ್ನೂ ಬದಲಿಸದೆ ಮುಂದುವರಿದರೆ ಸಾಲ ರೂ. 64 ಲಕ್ಷ. ವ್ಯಾಪಾರಿ ಕೈಯಿಂದ ಹಾಕಬೇಕಾದುದು ಬೆಲೆಗೆ ರೂ. 26 ಲಕ್ಷ, ಶುಲ್ಕ ರೂ. 6.84 ಲಕ್ಷ, ದುರಸ್ತಿಗೆ ರೂ. 4 ಲಕ್ಷ, ಒಟ್ಟು ರೂ. 36.84 ಲಕ್ಷ.

ಎರಡು: ಮಾರುವವರು ದುರಸ್ತಿಯ ಬಾಬ್ತು ರೂ. 4 ಲಕ್ಷ ಬೆಲೆ ಇಳಿಸಿದರೆ, ಬೆಲೆ ರೂ. 86 ಲಕ್ಷ, ಸಾಲ ಅದೇ ರೂ. 64 ಲಕ್ಷ. ಕೈಯಿಂದ ರೂ. 22 ಲಕ್ಷ, ಶುಲ್ಕ ಸುಮಾರು ರೂ. 6.54 ಲಕ್ಷ, ದುರಸ್ತಿ ರೂ. 4 ಲಕ್ಷ; ಒಟ್ಟು ಸುಮಾರು ರೂ. 32.54 ಲಕ್ಷ.

ಮೂರು: ಮಾರುವವರೇ ಮೊದಲು ದುರಸ್ತಿ ಮಾಡಿಸಿ, ಮರುಪರಿಶೀಲನೆಯಲ್ಲಿ ಮೌಲ್ಯ ರೂ. 90 ಲಕ್ಷವೆಂದು ಒಪ್ಪಿಗೆಯಾದರೆ, ಸಾಲ ರೂ. 72 ಲಕ್ಷ. ಕೈಯಿಂದ ರೂ. 18 ಲಕ್ಷ ಮತ್ತು ಶುಲ್ಕ ರೂ. 6.84 ಲಕ್ಷ, ಒಟ್ಟು ರೂ. 24.84 ಲಕ್ಷ.

ಎರಡನೆಯ ಮತ್ತು ಮೂರನೆಯ ದಾರಿಗಳಲ್ಲಿ ದುರಸ್ತಿಯ ಭಾರ ಹೊರುವವರು ಮಾರುವವರೇ. ಆದರೂ ವ್ಯಾಪಾರಿಯ ಕೈಹಣದಲ್ಲಿ ಸುಮಾರು ರೂ. 7.7 ಲಕ್ಷದ ಅಂತರವಿದೆ. ‘ಬೆಲೆ ಇಳಿಸಿಕೊಂಡೆ, ಲಾಭವಾಯಿತು’ ಎಂದು ಭಾವಿಸುವ ಮೊದಲು ಈ ಲೆಕ್ಕ ಹಾಕಿ ನೋಡಬೇಕು. ಅಂತರ ತುಂಬಲು ಓವರ್‌ಡ್ರಾಫ್ಟ್ ಅಥವಾ ಕ್ಯಾಷ್ ಕ್ರೆಡಿಟ್ ಖಾತೆಯಿಂದ ಹಣ ತೆಗೆಯುವುದು ಸಾಲದ ಷರತ್ತಿನ ಉಲ್ಲಂಘನೆ. ಆ ಭಾಗದ ಬಡ್ಡಿಯೂ ವ್ಯಾಪಾರದ ಖರ್ಚೆಂದು ಮಾನ್ಯವಾಗದು.

ದುರಸ್ತಿ ಯಾರ ಹೊಣೆ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ವಿಧಿಯಂತೆ, ಮಾರುವವರಿಗೆ ತಿಳಿದಿದ್ದು ಕೊಳ್ಳುವವರಿಗೆ ತಿಳಿಯದ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷಗಳನ್ನು ಮಾರುವವರು ತಿಳಿಸಲೇಬೇಕು, ಮುಚ್ಚಿಡುವುದು ವಂಚನೆಯೆನಿಸುತ್ತದೆ. ಕರಾರಿನಿಂದ ಸ್ವಾಧೀನದವರೆಗೆ ಮನೆಯನ್ನು ವಿವೇಕಿಯಾದ ಮಾಲೀಕನಂತೆ ನೋಡಿಕೊಳ್ಳುವ ಹೊಣೆಯೂ ಅವರದೇ. ಆದರೆ ಕಣ್ಣಿಗೆ ಕಾಣುವ ದೋಷದ ದುರಸ್ತಿಯನ್ನು ಮಾರುವವರೇ ಮಾಡಬೇಕೆಂದು ಈ ವಿಧಿ ಹೇಳುವುದಿಲ್ಲ. ಮಾಲೀಕತ್ವ ವರ್ಗವಾದ ಮೇಲೆ ನಷ್ಟದ ಹೊಣೆ ಕೊಳ್ಳುವವರಿಗೆ ಬರುತ್ತದೆ. ಆದ್ದರಿಂದ ಕರಾರಿನ ಬರವಣಿಗೆಯೇ ಇಲ್ಲಿ ನಿರ್ಣಾಯಕ.

ಬರವಣಿಗೆ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಸ್ವತ್ತೊಂದಕ್ಕೆ 2007ರಲ್ಲಿ ಆದ ರೂ. 55.50 ಲಕ್ಷದ ಕರಾರಿನ ವ್ಯಾಜ್ಯದಲ್ಲಿ, ಕೊಳ್ಳುವವರು ಕೊಟ್ಟಿದ್ದ ರೂ. 20 ಲಕ್ಷ ಮುಂಗಡದ ಮುಟ್ಟುಗೋಲನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅವಧಿಯೊಳಗೆ ಬಾಕಿ ಹಣ ಹೊಂದಿಸದಿದ್ದರೆ ಮುಂಗಡ ಮುಟ್ಟುಗೋಲು ಎಂಬ ಷರತ್ತು ಆ ಕರಾರಿನಲ್ಲಿತ್ತು. ‘ಬ್ಯಾಂಕ್ ಸಾಲ ಕಡಿಮೆ ಕೊಟ್ಟಿತು’ ಎಂಬುದು ಕರಾರಿನಲ್ಲಿ ಬರೆಯದ ಹೊರತು ಕೊಳ್ಳುವವರ ರಕ್ಷಣೆಗೆ ಬರುತ್ತದೆಂದು ನಂಬುವಂತಿಲ್ಲ.

ಬಿಲ್ಡರ್‌ನಿಂದ ಕೊಂಡ ಹೊಸ ಮನೆಯ ವಿಷಯ ಬೇರೆ. 2016ರ ರೇರಾ ಕಾಯ್ದೆಯ 14ನೇ ವಿಧಿಯಂತೆ ಸ್ವಾಧೀನದಿಂದ 5 ವರ್ಷಗಳೊಳಗೆ ತಿಳಿಸಿದ ರಚನಾ ದೋಷಗಳನ್ನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸುವುದು ಪ್ರವರ್ತಕರ ಹೊಣೆ. ಇತ್ತೀಚಿನ ಫ್ಲ್ಯಾಟನ್ನು ಎರಡನೆಯ ಕೈಯಿಂದ ಕೊಳ್ಳುವವರು ಈ ಅವಧಿ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳಬೇಕು.

ಬೆಲೆ ಇಳಿಸುವಾಗ ತೆರಿಗೆಯ ತೊಡಕು

ಇಲ್ಲಿ ಬಳಸಿರುವ ವಿಧಿ ಸಂಖ್ಯೆಗಳು ರೂಢಿಯಲ್ಲಿರುವ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆ, ತತ್ವಗಳು ಅವೇ.

ಮಾರ್ಗಸೂಚಿ ಮೌಲ್ಯವು ಕ್ರಯದ ಬೆಲೆಗಿಂತ ಶೇ. 10ಕ್ಕೂ ಹೆಚ್ಚಿದ್ದರೆ 50-ಸಿ ವಿಧಿಯಂತೆ ಮಾರುವವರ ಬಂಡವಾಳ ಲಾಭವನ್ನು ಮಾರ್ಗಸೂಚಿ ಮೌಲ್ಯದ ಮೇಲೆಯೇ ಲೆಕ್ಕಹಾಕಲಾಗುತ್ತದೆ. 56(2)(ಎಕ್ಸ್) ವಿಧಿಯಂತೆ ಆ ವ್ಯತ್ಯಾಸ ಕೊಳ್ಳುವವರ ಆದಾಯವೆನಿಸುತ್ತದೆ. ಮೇಲಿನ ಉದಾಹರಣೆಯ ಮನೆಯ ಮಾರ್ಗಸೂಚಿ ಮೌಲ್ಯ ರೂ. 96 ಲಕ್ಷವಾಗಿದ್ದರೆ, ರೂ. 90 ಲಕ್ಷದ ಬೆಲೆಗೆ ಮಿತಿ ರೂ. 99 ಲಕ್ಷವಾದ್ದರಿಂದ ತೊಂದರೆಯಿಲ್ಲ. ದುರಸ್ತಿಗೆಂದು ಬೆಲೆಯನ್ನು ರೂ. 86 ಲಕ್ಷಕ್ಕೆ ಇಳಿಸಿದೊಡನೆ ಮಿತಿ ರೂ. 94.60 ಲಕ್ಷಕ್ಕೆ ಇಳಿಯುತ್ತದೆ. ಆಗ ರೂ. 10 ಲಕ್ಷದ ಪೂರ್ಣ ವ್ಯತ್ಯಾಸ ಇಬ್ಬರ ತಲೆಗೂ ಬರುತ್ತದೆ. ರೂ. 4 ಲಕ್ಷದ ರಿಯಾಯಿತಿ ಕೊಳ್ಳುವವರಿಗೆ ರೂ. 10 ಲಕ್ಷದ ಆದಾಯವಾಗಿ ಪರಿಣಮಿಸುತ್ತದೆ. ಬೆಂಗಳೂರಿನ ಮಾರ್ಗಸೂಚಿ ದರಗಳು 2023ರ ಅಕ್ಟೋಬರ್‌ನಲ್ಲಿ ಪರಿಷ್ಕೃತವಾದವೆಂಬುದನ್ನು ಗಮನದಲ್ಲಿಟ್ಟು, ಬೆಲೆ ಇಳಿಸುವ ಮೊದಲು ಈ ಪರೀಕ್ಷೆ ಮಾಡಲೇಬೇಕು.

ಬೆಲೆ ಅಥವಾ ಮಾರ್ಗಸೂಚಿ ಮೌಲ್ಯ ರೂ. 50 ಲಕ್ಷ ಮುಟ್ಟಿದರೆ ಇವೆರಡರಲ್ಲಿ ಹೆಚ್ಚಿನದರ ಶೇ. 1ರಷ್ಟು ತೆರಿಗೆಯನ್ನು ಕೊಳ್ಳುವವರು ಕಡಿತ ಮಾಡಬೇಕು. ಮಾರುವವರು ಅನಿವಾಸಿ ಭಾರತೀಯರಾದರೆ ಈ ಶೇ. 1ರ ನಿಯಮ ಅನ್ವಯಿಸದು. ಕಡಿತದ ದರ ಅದಕ್ಕಿಂತ ಬಹಳ ಹೆಚ್ಚು. ಮನೆಯ ಸಿಮೆಂಟು, ಕಂಬಿಗಳ ಬಿಲ್ಲನ್ನು ಅಂಗಡಿಯ ಹೆಸರಿನಲ್ಲಿ ಪಡೆದು ಜಿಎಸ್‌ಟಿ ಜಮೆ ತೆಗೆದುಕೊಳ್ಳುವುದಕ್ಕೆ ಅವಕಾಶವಿಲ್ಲ. ಮನೆ ಸ್ವಂತದ್ದು, ಖರ್ಚೂ ಸ್ವಂತದ್ದೇ.

ನಗದು ಮತ್ತು ಕೀಲಿಕೈ

‘ದುರಸ್ತಿಗೆ ಒಂದು ಲಕ್ಷ ನಗದು ಕೊಡಿ, ನಾಳೆಯೇ ಆಳು ಹಚ್ಚುತ್ತೇನೆ’ ಎಂಬ ಮಾತು ಸಾಮಾನ್ಯ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರಕ್ಕೆ ರೂ. 20,000 ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಟ್ಟವರಿಗಂತೂ ರುಜುವಾತೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮ ಕೀಲಿಕೈಯದು. ನೋಂದಣಿಗೆ ಮೊದಲೇ ಕೊಳ್ಳುವವರು ಕೀಲಿ ಪಡೆದು ತಾವೇ ದುರಸ್ತಿ ಮಾಡಿಸುವುದು ಸುಲಭವೆನಿಸುತ್ತದೆ. ಆದರೆ ಸ್ವಾಧೀನ ನೀಡಿದ ಕರಾರಿಗೆ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಕ್ರಯಪತ್ರದಷ್ಟೇ ಶುಲ್ಕ ತಗಲುತ್ತದೆ. ನೋಂದಾಯಿತ ಕರಾರಿನೊಂದಿಗೆ ಸ್ವಾಧೀನ ಕೊಟ್ಟರೆ ಅದೇ ದಿನ ‘ವರ್ಗಾವಣೆ’ ಆಯಿತೆಂದು ಮಾರುವವರಿಗೆ ಬಂಡವಾಳ ಲಾಭದ ತೆರಿಗೆಯೂ ಹುಟ್ಟಬಹುದು. ವ್ಯವಹಾರ ಮುರಿದುಬಿದ್ದರೆ ಪರರ ಗೋಡೆಗೆ ಸುರಿದ ಹಣ ಮರಳುವುದು ಕಷ್ಟ. ಕೊಳ್ಳುವವರ ಮೇಸ್ತ್ರಿಯೇ ಕೆಲಸ ಮಾಡಬೇಕಾದಲ್ಲಿ, ಕೀಲಿ ಮಾರುವವರಲ್ಲೇ ಉಳಿದು, ನಿಗದಿತ ದಿನಗಳಲ್ಲಿ ಕೆಲಸಕ್ಕಾಗಿ ಮಾತ್ರ ಪ್ರವೇಶ, ಸ್ವಾಧೀನ ನೀಡಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಹಣ ತಡೆಹಿಡಿಯಬಹುದೇ?

ಬ್ರಿಟನ್ನಿನಲ್ಲಿ ಸಾಲ ಕೊಡುವ ಸಂಸ್ಥೆಗಳು ಅಗತ್ಯ ದುರಸ್ತಿ ಮುಗಿಯುವವರೆಗೆ ಸಾಲದ ಒಂದು ಭಾಗವನ್ನು ತಡೆಹಿಡಿಯುವ ಪದ್ಧತಿಯಿದೆ. ಅಮೆರಿಕದಲ್ಲಿ 1934ರಲ್ಲಿ ಸ್ಥಾಪಿತವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ವಿಮೆ ನೀಡುವ ಸಾಲಗಳಲ್ಲಿ ಮೌಲ್ಯಮಾಪಕರು ಸುರಕ್ಷತೆಗೆ ಬೇಕಾದ ದುರಸ್ತಿಗಳನ್ನು ಪಟ್ಟಿ ಮಾಡುತ್ತಾರೆ. ದುರಸ್ತಿಯ ಖರ್ಚನ್ನೇ ಗೃಹಸಾಲದೊಳಗೆ ಸೇರಿಸುವ ಪ್ರತ್ಯೇಕ ಯೋಜನೆಯೂ ಅಲ್ಲಿದೆ.

ನಮ್ಮಲ್ಲಿ ಅದೇ ರೀತಿ ಮಾರುವವರಿಗೆ ಒಂದಿಷ್ಟು ಹಣ ಬಾಕಿ ಉಳಿಸಿಕೊಂಡು ನೋಂದಣಿ ಮಾಡಿಸುವುದು ಸುಲಭವಲ್ಲ. ಬೆಲೆ ಪೂರ್ಣ ಸಂದಾಯವಾಗದಿದ್ದರೆ ಬಾಕಿ ಹಣಕ್ಕಾಗಿ ಸ್ವತ್ತಿನ ಮೇಲೆ ಮಾರುವವರಿಗೆ ಋಣಭಾರದ ಹಕ್ಕನ್ನು ಅದೇ 55ನೇ ವಿಧಿ ನೀಡುತ್ತದೆ. ಮೊದಲ ಹಕ್ಕು ತನ್ನದಾಗಬೇಕೆನ್ನುವ ಬ್ಯಾಂಕ್ ಇದನ್ನು ಒಪ್ಪದು. ಹೀಗಾಗಿ ಇಲ್ಲಿ ದುರಸ್ತಿಯ ತೀರ್ಮಾನವೆಲ್ಲ ಕ್ರಯಪತ್ರದ ಮೊದಲೇ ಆಗಬೇಕು.

ಕರಾರಿನಲ್ಲಿ ಇರಬೇಕಾದ ಷರತ್ತುಗಳು

1. ಬ್ಯಾಂಕಿನ ಕಾನೂನು ಮತ್ತು ತಾಂತ್ರಿಕ ವರದಿ ಬರುವವರೆಗೆ ಮುಂಗಡ ಅಲ್ಪ ಮೊತ್ತದ್ದಾಗಿರಬೇಕು. ಉಳಿದ ಮುಂಗಡ ವರದಿಯ ನಂತರ.

2. ಮೌಲ್ಯಮಾಪನ ನಿಗದಿತ ಮೊತ್ತಕ್ಕಿಂತ ಕಡಿಮೆಯಾದರೆ ಅಥವಾ ಸಾಲ ನಿರಾಕರಣೆಯಾದರೆ, ಇಷ್ಟು ದಿನಗಳಲ್ಲಿ ಮುಂಗಡವನ್ನು ಪೂರ್ಣ ಮರಳಿಸತಕ್ಕದ್ದು.

3. ವರದಿ ಸೂಚಿಸುವ ದುರಸ್ತಿಗಳನ್ನು ಇಂತಿಷ್ಟು ಮೊತ್ತದವರೆಗೆ ಮಾರುವವರು ಮಾಡಿಸತಕ್ಕದ್ದು. ಮೀರಿದರೆ ಉಭಯರಿಗೂ ಕರಾರಿನಿಂದ ಹೊರಬರುವ ಹಕ್ಕು.

4. ಕೆಲಸದ ಪಟ್ಟಿ, ಬಳಸುವ ಸಾಮಗ್ರಿ, ಮುಗಿಯುವ ದಿನಾಂಕ ಅನುಬಂಧವಾಗಿ ಇರಬೇಕು. ತೊಲೆ ಕಂಬಗಳ ಕೆಲಸಕ್ಕೆ ಎಂಜಿನಿಯರ್ ಪ್ರಮಾಣಪತ್ರ ಕಡ್ಡಾಯ.

5. ದುರಸ್ತಿ ಮತ್ತು ಮರುಪರಿಶೀಲನೆಗೆ ಹಿಡಿಯುವ ದಿನಗಳಷ್ಟು ಕರಾರಿನ ಅವಧಿ ತಾನಾಗಿ ವಿಸ್ತರಣೆಯಾಗಬೇಕು.

6. ಆಸ್ತಿ ತೆರಿಗೆ, ವಿದ್ಯುತ್, ನೀರಿನ ಬಾಕಿ ಹಾಗೂ ಇ-ಖಾತಾ ಮಾರುವವರ ಹೊಣೆ.

ಐದನೆಯ ಷರತ್ತನ್ನು ಹಗುರವಾಗಿ ಕಾಣಬಾರದು. ಹೊಸ ಸಿಮೆಂಟ್ ಕೆಲಸಕ್ಕೆ 7ರಿಂದ 10 ದಿನ ನೀರುಣಿಸಬೇಕು. ತಾರಸಿಯ ಕೆಲಸ ಮುಗಿದ ಮೇಲೆ ನೀರು ಕಟ್ಟಿ ನಿಲ್ಲಿಸಿ ಸೋರಿಕೆ ಪರೀಕ್ಷಿಸಬೇಕು. ಆಮೇಲೆ ಮೌಲ್ಯಮಾಪಕರ ಎರಡನೆಯ ಭೇಟಿ. ಬ್ಯಾಂಕಿನ ಮಂಜೂರಾತಿ ಪತ್ರಕ್ಕೂ ಅವಧಿಯ ಮಿತಿಯಿದೆ. ಅವಸರಕ್ಕೆ ಬಿದ್ದು ಒದ್ದೆ ಗೋಡೆಗೆ ಬಣ್ಣ ಬಳಿದರೆ ಮೊದಲ ಮಳೆಯಲ್ಲೇ ಬಣ್ಣ ಬಯಲಾಗುತ್ತದೆ. ಕೆಲಸದ ಮೊದಲು, ನಡುವೆ, ನಂತರ ದಿನಾಂಕ ಸಹಿತ ಛಾಯಾಚಿತ್ರ ತೆಗೆದಿಟ್ಟರೆ ಬ್ಯಾಂಕಿಗೂ ಅನುಕೂಲ, ಮುಂದೆ ವಿವಾದವಾದರೂ ಅನುಕೂಲ.

ಸರಕು ಕೊಳ್ಳುವಾಗ ಚೀಲ ಬಿಚ್ಚಿ ಮಾದರಿ ನೋಡುವುದು ಪ್ರತಿಯೊಬ್ಬ ವ್ಯಾಪಾರಿಯ ರೂಢಿ. ಕೆಲವು ಸಾವಿರ ರೂಪಾಯಿಗಳ ಧಾನ್ಯಕ್ಕೆ ತೋರುವ ಈ ಎಚ್ಚರಿಕೆಯನ್ನು ಜೀವಮಾನದ ಉಳಿತಾಯ ಹೂಡುವ ಮನೆಗೆ ತೋರದಿರುವುದು ಸರಿಯಲ್ಲ. ಮುಂಗಡಕ್ಕೆ ಮೊದಲೇ ತಮ್ಮದೇ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ತೋರಿಸಿದರೆ, ಬ್ಯಾಂಕಿನ ವರದಿಯಲ್ಲಿ ಬರಬಹುದಾದ ಬಹುಪಾಲು ವಿಷಯ ಅಂದೇ ತಿಳಿಯುತ್ತದೆ. ಆ ಹಂತದಲ್ಲಿ ಚೌಕಾಸಿಗೆ ಅವಕಾಶವಿದೆ, ಹಿಂದೆಗೆಯಲು ದಾರಿಯೂ ಇದೆ. ಮುಂಗಡ ಕೈಬಿಟ್ಟ ಮೇಲೆ ಇವೆರಡೂ ಕಿರಿದಾಗುತ್ತ ಹೋಗುತ್ತವೆ.